ಬಾಗಿಲು ತೆರೆದವರು ಯಾರು?

ಎಲ್‌ಜಿಬಿಟಿ ಎಂಬ ನಾಲ್ಕಕ್ಷರದ ಪದವೊಂದು ಕೆಲವು ವರ್ಷಗಳಿಂದ ನಮ್ಮ ಮಹಲ್ಲಾಗಳ ಮಾತುಕತೆಗೂ ಜುಮಾ ಖುತ್ಬಾಗಳಿಗೂ ಪ್ರವೇಶ ಪಡೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಮ್ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಾಗ ಈ ಪದ ಎಲ್ಲರ ಬಾಯಲ್ಲಿತ್ತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಅದೇ ನ್ಯಾಯಾಲಯ ನಿರಾಕರಿಸಿದಾಗ ಮತ್ತೊಮ್ಮೆ ಕೇಳಿಬಂತು. ಪಶ್ಚಿಮದ ಸಾಂಸ್ಕೃತಿಕ ದಾಳಿ, ಕುಟುಂಬ ವ್ಯವಸ್ಥೆಯ ವಿನಾಶ, ಹೊಸ ತಲೆಮಾರಿನ ಅಧಃಪತನ ಎಂದೆಲ್ಲ ಭಾಷಣಗಳಾದವು. ಆದರೆ ಈ ನಾಲ್ಕು ಅಕ್ಷರಗಳಲ್ಲಿ ಕೊನೆಯದು ಯಾರನ್ನು ಸೂಚಿಸುತ್ತದೆ ಎಂಬುದನ್ನು ಆ ಭಾಷಣಕಾರರು ವಿಚಾರಿಸಿದಂತೆ ಕಾಣಲಿಲ್ಲ.

ಆ ಕೊನೆಯ ಅಕ್ಷರ ಸೂಚಿಸುವವರು ನಮಗೆ ಹೊಸಬರಲ್ಲ. ಅಂಗಡಿ ತೆರೆಯುವ ಹೊತ್ತಿಗೆ ಚಪ್ಪಾಳೆ ತಟ್ಟುತ್ತಾ ಬಂದು ದುಆ ಮಾಡಿ ಹತ್ತು ರೂಪಾಯಿ ಪಡೆದು ಹೋಗುವವರು, ಮಗು ಹುಟ್ಟಿದ ಮನೆಯನ್ನು ಹುಡುಕಿಕೊಂಡು ಬರುವವರು, ದರ್ಗಾಗಳ ಉರೂಸ್‌ಗಳಲ್ಲಿ ಗುಂಪಾಗಿ ಕಾಣಸಿಗುವವರು. ನಮ್ಮ ಅಜ್ಜಿಯಂದಿರು ಅವರ ಶಾಪಕ್ಕೆ ಅಂಜುತ್ತಿದ್ದರು, ಅವರ ದುಆಕ್ಕೆ ಸೆರಗೊಡ್ಡುತ್ತಿದ್ದರು. ಹಿಜಡಾ, ಮಂಗಳಮುಖಿ, ಲಿಂಗತ್ವ ಅಲ್ಪಸಂಖ್ಯಾತರು ಎಂದು ಹೆಸರು ಕಾಲಕ್ಕೆ ತಕ್ಕಂತೆ ಬದಲಾಗಿದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ ‘ಇತರರು’ ಎಂದು ಲೆಕ್ಕಕ್ಕೆ ಸಿಕ್ಕವರು ದೇಶದಲ್ಲಿ 4,87,803 ಮಂದಿ. ಕರ್ನಾಟಕದಲ್ಲಿ 20,266. ಈ ಇಪ್ಪತ್ತು ಸಾವಿರದಲ್ಲಿ ನಮ್ಮ ಮನೆಗಳಲ್ಲಿ ಹುಟ್ಟಿ, ನಮ್ಮ ಮದ್ರಸಗಳಲ್ಲಿ ಅಲಿಫ್ ಬಾ ಕಲಿತು, ಒಂದು ದಿನ ಕಾಣೆಯಾದವರು ಇದ್ದಾರೆ ಎಂಬುದಕ್ಕೆ ಪ್ರತ್ಯೇಕ ಪುರಾವೆ ಬೇಕಿಲ್ಲ. ನಮ್ಮ ಪಟ್ಟಣಗಳಲ್ಲಿ ಅಂಥ ಮನೆಗಳನ್ನು ಎಲ್ಲರೂ ಬಲ್ಲರು, ಯಾರೂ ಮಾತಾಡುವುದಿಲ್ಲ.

ಇಂಥ ಒಬ್ಬ ವ್ಯಕ್ತಿ ಆ ನಾಲ್ಕಕ್ಷರದ ಗುಂಪನ್ನು ತನ್ನದೆಂದು ಭಾವಿಸುತ್ತಾರೆಯೇ? ಅಥವಾ ಅದು ಬೇರೆಯವರ ಮನೆಯೇ? ಎಲ್ಲ ಮಂಗಳಮುಖಿಯರೂ ಸಲಿಂಗಕಾಮದ ಪ್ರಚಾರಕರೆಂದು ತೀರ್ಮಾನಿಸುವವರೂ, ಅವರೆಲ್ಲರೂ ಒಂದೇ ಬಾವುಟದಡಿಯ ಒಂದೇ ಸಮುದಾಯವೆಂದು ಹೇಳುವವರೂ ಈ ಪ್ರಶ್ನೆಯನ್ನು ಅವರಲ್ಲೇ ಕೇಳುವ ಗೋಜಿಗೆ ಹೋಗುವುದಿಲ್ಲ. ಕೇಳಿದರೆ ಉತ್ತರ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಏಕೆ ಬೇರೆಯಾಗಿರುತ್ತದೆ ಎಂಬುದರಲ್ಲೇ ನಮಗೆ ಸಂಬಂಧಿಸಿದ ಸಂಗತಿಯಿದೆ.

ಅದಕ್ಕೆ ಮುನ್ನ ಒಂದು ಸ್ಪಷ್ಟನೆ ಅಗತ್ಯ. ಸಲಿಂಗ ಲೈಂಗಿಕ ಕ್ರಿಯೆ ಇಸ್ಲಾಮಿನಲ್ಲಿ ನಿಷಿದ್ಧ. ಪ್ರವಾದಿ ಲೂತ್(ಅ)ರ ಜನಾಂಗದ ವೃತ್ತಾಂತ ಕುರ್‌ಆನಿನಲ್ಲಿದೆ, ಫಿಕ್ಹಿನ ಮದ್‌ಹಬ್‌ಗಳು ಈ ನಿಷೇಧದ ವಿಷಯದಲ್ಲಿ ಏಕಾಭಿಪ್ರಾಯ ಹೊಂದಿವೆ. ಅದನ್ನು ಮರುಪರಿಶೀಲಿಸಲು ನಾವು ಇಲ್ಲಿ ಕುಳಿತಿಲ್ಲ. ಕ್ರಿಯೆ ನಿಷಿದ್ಧವೆಂಬ ಮಾತ್ರಕ್ಕೆ ಬೀದಿಯಲ್ಲಿ ಯಾರನ್ನಾದರೂ ಹೊಡೆಯುವ, ಹೀಯಾಳಿಸುವ, ಮನೆಯಿಂದ ಅಟ್ಟುವ ಅಧಿಕಾರ ಯಾರಿಗೂ ಸಿಗುವುದಿಲ್ಲ ಎಂಬುದೂ ಇಷ್ಟೇ ಸ್ಪಷ್ಟ. ಆದರೆ ಒಬ್ಬ ವ್ಯಕ್ತಿ ಯಾರನ್ನು ಬಯಸುತ್ತಾನೆ ಎಂಬುದು ಒಂದು ಪ್ರಶ್ನೆ, ತಾನು ಗಂಡೋ ಹೆಣ್ಣೋ ಎಂಬುದು ಇನ್ನೊಂದು ಪ್ರಶ್ನೆ. ಕನ್ನಡ ಪತ್ರಿಕೆಗಳು ಬಹುಕಾಲ ಎರಡನ್ನೂ ಸೇರಿಸಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದೇ ಬರೆದವು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪದ ಪ್ರತ್ಯೇಕವಾಗಿ ಚಲಾವಣೆಗೆ ಬಂದದ್ದು ತಡವಾಗಿ. ನಮ್ಮ ಫುಕಹಾಗಳಿಗೆ ಈ ಗೊಂದಲವಿರಲಿಲ್ಲ.

ಪ್ರವಾದಿ(ಸ)ಯವರ ಕಾಲದ ಮದೀನದಲ್ಲಿ ‘ಮುಖನ್ನಸ್’ ಎಂದು ಕರೆಯಲ್ಪಡುತ್ತಿದ್ದವರು ಇದ್ದರು. ನಡೆ, ನುಡಿ, ಹಾವಭಾವಗಳಲ್ಲಿ ಹೆಣ್ಣನ್ನು ಹೋಲುವ ಗಂಡಸರು. ಅವರಲ್ಲೊಬ್ಬರು ಪ್ರವಾದಿ ಪತ್ನಿ ಉಮ್ಮು ಸಲಮಾ(ರ)ರ ಮನೆಗೆ ಬಂದು ಹೋಗುತ್ತಿದ್ದರು. ಒಬ್ಬ ಹೆಣ್ಣಿನ ಅಂಗಸೌಷ್ಠವವನ್ನು ಬಣ್ಣಿಸಿದ್ದು ಕಿವಿಗೆ ಬಿದ್ದ ಮೇಲೆ ಅಂಥವರ ಪ್ರವೇಶವನ್ನು ಪ್ರವಾದಿ(ಸ) ತಡೆದರೆಂದು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಅಲ್ಲಿಯವರೆಗೆ ಪ್ರವೇಶವಿತ್ತು ಎಂಬುದನ್ನೂ, ತಡೆಗೆ ಕಾರಣವಾದದ್ದು ಆ ನಿರ್ದಿಷ್ಟ ಮಾತು ಎಂಬುದನ್ನೂ ಓದುಗರು ಗಮನಿಸಬೇಕು. ಹೆಣ್ಣನ್ನು ಅನುಕರಿಸುವ ಗಂಡನ್ನೂ ಗಂಡನ್ನು ಅನುಕರಿಸುವ ಹೆಣ್ಣನ್ನೂ ಶಪಿಸಿದ ಹದೀಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಸಹೀಹ್ ಮುಸ್ಲಿಮಿಗೆ ವ್ಯಾಖ್ಯಾನ ಬರೆದ ಇಮಾಮ್ ನವವಿ(ರ) ಮುಖನ್ನಸರನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಹುಟ್ಟಿನಿಂದಲೇ ಆ ಸ್ವಭಾವ ಹೊತ್ತು ಬಂದವರು ಒಂದು ಬಗೆ. ಅವರ ಮೇಲೆ ನಿಂದೆಯಿಲ್ಲ, ಪಾಪವಿಲ್ಲ, ಶಿಕ್ಷೆಯಿಲ್ಲ. ಬೇಕೆಂದೇ ವೇಷ ಹಾಕಿ ನಟಿಸುವವರು ಎರಡನೆಯ ಬಗೆ. ಹದೀಸಿನ ಶಾಪ ಇವರಿಗೆ. ಏಳುನೂರೈವತ್ತು ವರ್ಷಗಳ ಹಿಂದೆ ದಮಾಸ್ಕಸ್‌ನ ಒಬ್ಬ ವಿದ್ವಾಂಸರು ಮಾಡಿದ ಈ ವಿವೇಚನೆ ಇಂದು ನಮ್ಮ ಎಷ್ಟು ಮಿಂಬರ್‌ಗಳಿಂದ ಕೇಳಿಬರುತ್ತದೆ?

ದೇಹರಚನೆಯಲ್ಲೇ ಎರಡೂ ಲಕ್ಷಣಗಳಿರುವ ‘ಖುನ್ಸಾ’ಗಳ ವಿಷಯ ಇದಕ್ಕಿಂತ ಭಿನ್ನ. ಅವರಿಗಾಗಿ ಫಿಕ್ಹಿನಲ್ಲಿ ಇಡೀ ಅಧ್ಯಾಯವೇ ಇದೆ. ಇಂದು ತಮ್ಮನ್ನು ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆದುಕೊಳ್ಳುವವರಲ್ಲಿ ಹೆಚ್ಚಿನವರು ಆ ಅರ್ಥದ ಖುನ್ಸಾಗಳಲ್ಲ. ಅವರ ದೇಹದಲ್ಲಿ ಸಂದಿಗ್ಧತೆಯಿಲ್ಲ, ಮನಸ್ಸಿಗೂ ದೇಹಕ್ಕೂ ಹೊಂದಾಣಿಕೆಯಿಲ್ಲ. ಆದ್ದರಿಂದ ಖುನ್ಸಾದ ಅಧ್ಯಾಯವೊಂದನ್ನೇ ತೋರಿಸಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಿತೆನ್ನುವುದು ಪ್ರಾಮಾಣಿಕವಲ್ಲ. ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಸುನ್ನೀ ಉಲಮಾಗಳಲ್ಲಿ ಬಹುಪಾಲು ಮಂದಿ ಖುನ್ಸಾಗಳಿಗೆ ಅನುಮತಿಸಿ ಉಳಿದವರಿಗೆ ಇಲ್ಲವೆನ್ನುತ್ತಾರೆ. ಚರ್ಚೆ ಇನ್ನೂ ಇದೆ. ಆದರೆ ಶಸ್ತ್ರಚಿಕಿತ್ಸೆಯ ಫತ್ವಾ ಏನೇ ಇರಲಿ, ಮನೆಯಿಂದ ಹೊರದಬ್ಬಲು ಯಾವ ಫತ್ವಾದಲ್ಲೂ ಆಧಾರವಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಮುಸ್ಲಿಮ್ ಜಗತ್ತಿನ ಮೂರು ದೇಶಗಳಲ್ಲಿ ಈ ಜನರು ಸಲಿಂಗಿಗಳ ಚಳವಳಿಯ ಜೊತೆ ಇಟ್ಟುಕೊಂಡ ಸಂಬಂಧವನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ.

ಇರಾನಿನ ಮರ್ಯಮ್ ಖಾತೂನ್ ಮುಲ್ಕ್‌ಆರಾ ಗಂಡು ದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬಾಳಬಯಸಿದವರು. 1980ರ ದಶಕದಲ್ಲಿ ಗಂಡಸಿನ ಉಡುಪು ತೊಟ್ಟು, ಕುರ್‌ಆನನ್ನು ಹಿಡಿದುಕೊಂಡು ಆಯತುಲ್ಲಾ ಖುಮೈನಿಯವರ ನಿವಾಸಕ್ಕೆ ಹೋದರು. ಕಾವಲುಗಾರರಿಂದ ಪೆಟ್ಟು ತಿಂದು ಒಳಗೆ ತಲುಪಿದರು. ಹೊರಬರುವಾಗ ಅವರ ಬಳಿ ಶಸ್ತ್ರಚಿಕಿತ್ಸೆಗೆ ಅನುಮತಿಸುವ ಫತ್ವಾ ಇತ್ತು. ಅಂದಿನಿಂದ ಇರಾನಿನಲ್ಲಿ ಲಿಂಗ ಪರಿವರ್ತನೆ ಕಾನೂನುಸಮ್ಮತ, ಹೊಸ ಗುರುತಿನ ಚೀಟಿಯೂ ಸಿಗುತ್ತದೆ. ಅದೇ ದೇಶದಲ್ಲಿ ಸಲಿಂಗಕಾಮಕ್ಕೆ ಮರಣದಂಡನೆಯವರೆಗೆ ಶಿಕ್ಷೆಯಿದೆ. ಇದರ ಪರಿಣಾಮವೇನು? ಶಸ್ತ್ರಚಿಕಿತ್ಸೆಗೆ ಅರ್ಜಿ ಹಾಕಿದವರು ವೈದ್ಯರ ಮುಂದೆಯೂ ಅಧಿಕಾರಿಗಳ ಮುಂದೆಯೂ ಮೊದಲು ಸಾಬೀತುಪಡಿಸಬೇಕಾದದ್ದು ತಾವು ಸಲಿಂಗಕಾಮಿಗಳಲ್ಲ ಎಂಬುದನ್ನು. ಅಫ್ಸಾನೆ ನಜ್ಮಾಬಾದಿಯವರು ಇರಾನಿನ ಈ ಸ್ಥಿತಿಯ ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರವಾಗಿ ದಾಖಲಿಸಿದೆ. ‘ನಾವು ಅವರಲ್ಲ’ ಎಂಬ ಮಾತು ಅಲ್ಲಿ ಕೇವಲ ಅಭಿಪ್ರಾಯವಲ್ಲ, ಬದುಕುಳಿಯುವ ಉಪಾಯ. ಯಾರ ತಲೆಯ ಮೇಲೆ ಕತ್ತಿ ತೂಗುತ್ತಿದೆಯೋ ಅವರಿಂದ ದೂರ ನಿಂತರೆ ಮಾತ್ರ ತನಗೆ ಬಾಗಿಲು ತೆರೆಯುತ್ತದೆ ಎಂದಾದರೆ ಯಾರು ತಾನೇ ದೂರ ನಿಲ್ಲುವುದಿಲ್ಲ? ಆ ದೂರವನ್ನು ಧಾರ್ಮಿಕ ನಿಷ್ಠೆಯೆಂದು ನಾವು ಹೊಗಳಬೇಕಿಲ್ಲ, ದ್ರೋಹವೆಂದು ಇನ್ನೊಬ್ಬರು ತೆಗಳಬೇಕಿಲ್ಲ.

ಪಾಕಿಸ್ತಾನದ ಕತೆ ಹೆಚ್ಚು ಜಟಿಲವಾದದ್ದು, ನಮಗೆ ಹೆಚ್ಚು ಹತ್ತಿರದ್ದು. 2009ರಲ್ಲಿ ತಕ್ಷಶಿಲೆಯಲ್ಲಿ ಖ್ವಾಜಾಸರಾಗಳ ಮೇಲೆ ಪೊಲೀಸರು ದೌರ್ಜನ್ಯ ಎಸಗಿದಾಗ ಅವರ ಪರವಾಗಿ ಸುಪ್ರೀಮ್ ಕೋರ್ಟಿಗೆ ಹೋದವರು ಪಶ್ಚಿಮದ ಹಣ ಪಡೆದ ಸಂಸ್ಥೆಯವರಲ್ಲ, ಮುಹಮ್ಮದ್ ಅಸ್ಲಮ್ ಖಾಕಿ ಎಂಬ ಇಸ್ಲಾಮೀ ಕಾನೂನಿನ ವಿದ್ವಾಂಸ ವಕೀಲರು. ಆ ಮೊಕದ್ದಮೆಯ ಫಲವಾಗಿ ಖ್ವಾಜಾಸರಾಗಳ ಉತ್ತರಾಧಿಕಾರ, ಗುರುತಿನ ಚೀಟಿ, ಮತದಾನಗಳ ಹಕ್ಕು ಮಾನ್ಯವಾಯಿತು. 2016ರ ಜೂನ್‌ನಲ್ಲಿ ಲಾಹೋರಿನ ತನ್‌ಝೀಮ್ ಇತ್ತಿಹಾದೆ ಉಮ್ಮತ್‌ನ ಸುಮಾರು ಐವತ್ತು ಉಲಮಾಗಳು, ಇಂಥ ಮಕ್ಕಳನ್ನು ಆಸ್ತಿಯಿಂದ ವಂಚಿಸುವ ತಂದೆತಾಯಿಗಳು ಅಲ್ಲಾಹನ ಕೋಪವನ್ನು ಆಹ್ವಾನಿಸುತ್ತಿದ್ದಾರೆಂದೂ, ಇವರ ದಫನ್ ಎಲ್ಲ ಮುಸ್ಲಿಮರಂತೆಯೇ ನಡೆಯಬೇಕೆಂದೂ ಫತ್ವಾ ಹೊರಡಿಸಿದರು. ಆವರೆಗೆ ಈ ವಿಷಯ ಬಹುಮಟ್ಟಿಗೆ ಮನೆಯೊಳಗಿನ ನ್ಯಾಯದ ವಿಷಯವಾಗಿತ್ತು.

2018ರ ಕಾಯ್ದೆ ಬಂದ ಮೇಲೆ ಚಿತ್ರ ಬದಲಾಯಿತು. ವ್ಯಕ್ತಿ ತನ್ನ ಲಿಂಗವನ್ನು ತಾನೇ ಘೋಷಿಸಿಕೊಳ್ಳಬಹುದು ಎಂದು ಅದು ಹೇಳಿತು. ಇದು ಸಲಿಂಗ ವಿವಾಹಕ್ಕೆ ಹಿಂಬಾಗಿಲು ಎಂಬ ಆಕ್ಷೇಪ ಎದ್ದಿತು. 2023ರ ಮೇ 19ರಂದು ಫೆಡರಲ್ ಶರೀಅತ್ ನ್ಯಾಯಾಲಯ ಕಾಯ್ದೆಯ ಮುಖ್ಯ ಕಲಮುಗಳನ್ನು ಇಸ್ಲಾಮಿಗೆ ವಿರುದ್ಧವೆಂದು ಅನೂರ್ಜಿತಗೊಳಿಸಿತು. ಈ ವಿವಾದದಲ್ಲಿ ಖ್ವಾಜಾಸರಾಗಳೇ ಎರಡಾಗಿ ಒಡೆದರು. ರಾವಲ್ಪಿಂಡಿಯ ಹಿರಿಯ ಮುಖಂಡೆ ಅಲ್ಮಾಸ್ ಬಾಬಿ ಕಾಯ್ದೆಯ ವಿರೋಧಿಗಳ ಜೊತೆ ನಿಂತರು. ಹುಟ್ಟಿನಿಂದ ಬಂದ ತಮ್ಮ ಸ್ಥಿತಿಯ ಹೆಸರಿನಲ್ಲಿ ಬೇರೆಯವರು ಲಾಭ ಪಡೆಯುತ್ತಿದ್ದಾರೆ ಎಂಬುದು ಆ ಪಕ್ಷದ ವಾದ. 2018ರ ಚುನಾವಣೆಗೆ ಓಕಾರಾದಿಂದ ಸ್ಪರ್ಧಿಸಿದ್ದ ನಯ್ಯಾಬ್ ಅಲಿ ಕಾಯ್ದೆಯ ಸಮರ್ಥನೆಗೆ ನಿಂತರು. ಇಬ್ಬರೂ ಮುಸ್ಲಿಮರು, ಇಬ್ಬರೂ ಒಂದೇ ಬಗೆಯ ತಿರಸ್ಕಾರವನ್ನು ಕಂಡ ಸಮುದಾಯಕ್ಕೆ ಸೇರಿದವರು. ಆದರೆ ಒಬ್ಬರ ಆಸರೆ ಗುರು-ಚೇಲಾಗಳ ಹಳೆಯ ಮನೆ. ಇನ್ನೊಬ್ಬರ ಆಸರೆ ಮಾನವ ಹಕ್ಕುಗಳ ಸಂಘಟನೆ. ನಮ್ಮ ದೃಷ್ಟಿಯಲ್ಲಿ ಇವರ ಭಿನ್ನಮತದ ಬೇರು ಇರುವುದು ಬಹುಮಟ್ಟಿಗೆ ಇಲ್ಲಿಯೇ.

ಇಂಡೋನೇಷ್ಯಾದ್ದು ದುಃಖದ ಕತೆ. ಯೋಗ್ಯಕರ್ತ ನಗರದಲ್ಲಿ ‘ವಾರಿಯಾ’ ಎಂದು ಕರೆಯಲ್ಪಡುವ ಈ ಜನರು 2008ರಲ್ಲಿ ತಮಗಾಗಿ ಅಲ್ ಫತಾಹ್ ಎಂಬ ಪೆಸಂತ್ರೆನ್, ಅಂದರೆ ಮದ್ರಸವನ್ನು ಕಟ್ಟಿಕೊಂಡರು. ಮಸೀದಿಯಲ್ಲಿ ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ಸಲ್ಲದವರು ಇಲ್ಲಿ ನಮಾಝ್ ಮಾಡುತ್ತಿದ್ದರು, ಕುರ್‌ಆನ್ ಓದಲು ಕಲಿಯುತ್ತಿದ್ದರು. 2016ರ ಆರಂಭದಲ್ಲಿ ಇಡೀ ದೇಶದಲ್ಲಿ ಎಲ್‌ಜಿಬಿಟಿ ವಿರೋಧಿ ಗದ್ದಲವೆದ್ದಿತು. ಅದೇ ಫೆಬ್ರವರಿಯಲ್ಲಿ ಉಗ್ರ ಗುಂಪೊಂದರ ಒತ್ತಡಕ್ಕೆ ಮಣಿದು ಸ್ಥಳೀಯ ಆಡಳಿತ ಮದ್ರಸಕ್ಕೆ ಬೀಗ ಹಾಕಿಸಿತು. ನಮಾಝ್ ಕಲಿಯಲು ಬಂದವರ ಬಾಗಿಲಿಗೆ ಬೀಗ! ಬೀಗ ಹಾಕಿಸಿದವರು ಧರ್ಮರಕ್ಷಣೆ ಮಾಡಿದೆವೆಂದುಕೊಂಡರು. ಅವರ ಪರವಾಗಿ ಧ್ವನಿಯೆತ್ತಿದವರಲ್ಲಿ ಮಾನವ ಹಕ್ಕುಗಳ ಸಂಘಟನೆಗಳು ಮುಂದಿದ್ದವು. ಮದ್ರಸ ಆಮೇಲೆ ಮತ್ತೆ ತೆರೆಯಿತು. ಆದರೆ ಅಲ್ಲಿನವರು ಆ ಬಳಿಕ ಯಾರನ್ನು ತಮ್ಮವರೆಂದು ಭಾವಿಸಿರಬೇಕು?

ಇನ್ನು ನಮ್ಮ ದೇಶ, ನಮ್ಮ ರಾಜ್ಯ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗದಲ್ಲಿ ಬ್ರಿಟಿಷರು ಹಿಜಡಾಗಳ ಹೆಸರು, ಆಸ್ತಿಗಳನ್ನು ಪೊಲೀಸ್ ದಫ್ತರಿನಲ್ಲಿ ನೋಂದಾಯಿಸಲು ಆಜ್ಞಾಪಿಸಿದರು. ಹೆಣ್ಣಿನ ಉಡುಪಿನಲ್ಲಿ ಹೊರಗೆ ಕಾಣಿಸಿದರೆ ಎರಡು ವರ್ಷದವರೆಗೆ ಸೆರೆ. ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಇದು ಫಿರಂಗಿಗಳ ಕೃತ್ಯವೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಿಜಾಮರ ಹೈದರಾಬಾದಿನಲ್ಲಿ 1919ರಲ್ಲಿ ಇಂಥದೇ ಕಾನೂನು ಬಂತು. ಬೀದರ್, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನದಲ್ಲಿದ್ದವು. ತೆಲಂಗಾಣದ ಹೈಕೋರ್ಟು ಅದನ್ನು ರದ್ದುಗೊಳಿಸಿದ್ದು 2023ರಲ್ಲಿ, ನೂರು ವರ್ಷ ಕಳೆದ ಮೇಲೆ. ಕರ್ನಾಟಕದ ಪೊಲೀಸ್ ಕಾಯ್ದೆಗೂ 2011ರಲ್ಲಿ ಅದೇ ಧಾಟಿಯ ‘36-ಎ’ ಕಲಮನ್ನು ಸೇರಿಸಲಾಗಿತ್ತು. ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟ ಮೇಲೆ ಸರಕಾರ ಅದನ್ನು ತಿದ್ದಬೇಕಾಯಿತು.

377ನೇ ಕಲಮಿನ ಇತಿಹಾಸವೂ ಇಲ್ಲಿಗೇ ಬಂದು ಸೇರುತ್ತದೆ. ಆ ಕಲಮಿನಡಿ ದಾಖಲಾದ ಅತ್ಯಂತ ಹಳೆಯ ಮೊಕದ್ದಮೆಗಳಲ್ಲೊಂದು 1884ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಬಂದದ್ದು. ಆರೋಪಿಯ ಹೆಸರು ಖೈರಾತಿ. ಹೆಣ್ಣಿನ ಉಡುಪಿನಲ್ಲಿ ಹಾಡುತ್ತಿದ್ದ ಕಾರಣಕ್ಕೆ ಪೊಲೀಸರ ಕಣ್ಣಿಗೆ ಬಿದ್ದವರು. ಯಾವಾಗ, ಎಲ್ಲಿ, ಯಾರೊಡನೆ ಎಂಬ ಯಾವ ವಿವರವೂ ಇಲ್ಲದ ಆರೋಪದಲ್ಲಿ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು, ಹೈಕೋರ್ಟು ಬಿಡುಗಡೆ ಮಾಡಿತು. ಕಾನೂನು ಕ್ರಿಯೆಯನ್ನು ನಿಷೇಧಿಸಿತ್ತು, ಪೊಲೀಸರು ಹಿಡಿದದ್ದು ಉಡುಪನ್ನು. ಬಂಗಲೆಯೊಳಗಿನ ಸಿರಿವಂತ ಸಲಿಂಗಿ ಕಾಣುವುದಿಲ್ಲ, ಬಸ್ ನಿಲ್ದಾಣದ ಹಿಜಡಾ ಕಾಣುತ್ತಾರೆ. 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಹಿಜಡಾಗಳ ಮೇಲಿನ ದೌರ್ಜನ್ಯಗಳ ಕುರಿತು ಪ್ರಕಟಿಸಿದ ವರದಿಯನ್ನು ಓದಿದವರಿಗೆ ಠಾಣೆಗಳಲ್ಲಿ ಏನು ನಡೆಯುತ್ತಿತ್ತೆಂದು ತಿಳಿದಿದೆ. ಈ ಪತ್ರಿಕೆಯಲ್ಲಿ ಆ ವಿವರಗಳನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ.

ಸಲಿಂಗಿಗಳ ಹೋರಾಟದ ಜೊತೆ ಇಲ್ಲಿನ ಮಂಗಳಮುಖಿಯರು ಕೈಜೋಡಿಸಿದ್ದು ಈ ಹಿನ್ನೆಲೆಯಲ್ಲಿ. 2013ರ ಡಿಸೆಂಬರ್ 11ರಂದು ಸುಪ್ರೀಮ್ ಕೋರ್ಟು 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. ನಾಲ್ಕೇ ತಿಂಗಳ ಬಳಿಕ, 2014ರ ಏಪ್ರಿಲ್ 15ರಂದು, ಲಿಂಗತ್ವ ಅಲ್ಪಸಂಖ್ಯಾತರು ಮೂಲಭೂತ ಹಕ್ಕುಗಳುಳ್ಳ ಪ್ರಜೆಗಳೆಂದು ಅದೇ ನ್ಯಾಯಾಲಯ ಘೋಷಿಸಿತು. ಒಂದು ತೀರ್ಪಿನಿಂದ ಅವರು ಗೌರವಾನ್ವಿತರು, ಇನ್ನೊಂದರಿಂದ ಸಂಶಯಿತ ಅಪರಾಧಿಗಳು. ಆದ್ದರಿಂದಲೇ 2016ರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಮತ್ತು ಸಂಗಾತಿಗಳು 377ರ ವಿರುದ್ಧ ಅರ್ಜಿ ಸಲ್ಲಿಸಿದರು. ಬೆಂಗಳೂರಿನಲ್ಲಿ 1999ರಲ್ಲಿ ಆರಂಭವಾದ ‘ಸಂಗಮ’ ಸಂಸ್ಥೆ ಇಂಥವರ ಮೊಕದ್ದಮೆಗಳನ್ನು ಕೈಗೆತ್ತಿಕೊಂಡಿತ್ತು. ಸರಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದದ್ದೂ ಅದೇ ಸಂಸ್ಥೆ ಹೂಡಿದ ದಾವೆಯ ಪರಿಣಾಮ. ಠಾಣೆಯಿಂದ ಬಿಡಿಸಿಕೊಂಡು ಬಂದವರು, ಆಸ್ಪತ್ರೆಗೆ ಸೇರಿಸಿದವರು, ಚಾಪೆ ಕೊಟ್ಟು ಮಲಗಿಸಿದವರು ಯಾರೋ ಅವರ ಬಾವುಟ ಕಣ್ಣಿಗೆ ಒಳ್ಳೆಯದಾಗಿಯೇ ಕಾಣುತ್ತದೆ. ಅದರಲ್ಲಿ ಸಿದ್ಧಾಂತ ಹುಡುಕುವವರು ಹಸಿವನ್ನು ಕಂಡವರಲ್ಲ.

ಹಾಗೆಂದು ಆ ಮನೆಯೊಳಗೆ ಎಲ್ಲವೂ ಸುಖವಲ್ಲ. ಅಮೆರಿಕದಲ್ಲಿ 2007ರಲ್ಲಿ ಉದ್ಯೋಗ ತಾರತಮ್ಯ ನಿಷೇಧದ ಮಸೂದೆ ಪಾಸಾಗುವುದು ಕಷ್ಟವೆಂದಾದಾಗ ಸಲಿಂಗಿಗಳ ರಕ್ಷಣೆಯನ್ನು ಉಳಿಸಿಕೊಂಡು ಲಿಂಗತ್ವ ಅಲ್ಪಸಂಖ್ಯಾತರನ್ನು ಮಸೂದೆಯಿಂದ ಕೈಬಿಡಲಾಯಿತು. ಬ್ರಿಟನ್ನಿನಲ್ಲಿ 2019ರಲ್ಲಿ ಕೊನೆಯ ಅಕ್ಷರವನ್ನು ಬಿಟ್ಟು ಮೊದಲ ಮೂರಕ್ಷರಗಳದ್ದೇ ಪ್ರತ್ಯೇಕ ಸಂಘಟನೆ ಹುಟ್ಟಿತು. ನಮ್ಮಲ್ಲೂ ವೇದಿಕೆಯ ಇಂಗ್ಲಿಷ್ ಭಾಷಣ ಒಬ್ಬರದು, ಪೊಲೀಸರ ಲಾಠಿ ಇನ್ನೊಬ್ಬರದು ಎಂಬ ಅಸಮಾಧಾನ ಹಳೆಯದು. ಬೇಡಿಕೆಗಳೂ ಒಂದೇ ಅಲ್ಲ. ಮದುವೆಯ ಹಕ್ಕು ಒಬ್ಬರ ಮೊದಲ ಬೇಡಿಕೆಯಾದರೆ ರೇಷನ್ ಕಾರ್ಡು, ಬಾಡಿಗೆ ಮನೆ, ಮಾಸಾಶನ ಇನ್ನೊಬ್ಬರದು. 2016ರ ಜೂನ್ 30ರಂದು ಸುಪ್ರೀಮ್ ಕೋರ್ಟೇ ತನ್ನ 2014ರ ತೀರ್ಪಿನ ‘ತೃತೀಯ ಲಿಂಗ’ದಲ್ಲಿ ಸಲಿಂಗಿಗಳು ಸೇರುವುದಿಲ್ಲವೆಂದು ಸ್ಪಷ್ಟಪಡಿಸಿತು. 2023ರ ಅಕ್ಟೋಬರ್ ತೀರ್ಪಿನಲ್ಲಿ ಸಲಿಂಗ ವಿವಾಹವನ್ನು ಒಪ್ಪದ ಪೀಠದ ಐವರು ನ್ಯಾಯಮೂರ್ತಿಗಳೂ, ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯೊಬ್ಬರು ಗಂಡು-ಹೆಣ್ಣಿನ ಸಂಬಂಧದಲ್ಲಿ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದೆಂದರು. ಲೌಕಿಕ ನ್ಯಾಯಾಲಯ ಕಂಡುಕೊಂಡ ಈ ವ್ಯತ್ಯಾಸವನ್ನು ಕಾಣಲು ಧಾರ್ಮಿಕ ವೇದಿಕೆಗಳಿಗೆ ಏಕೆ ಸಾಧ್ಯವಾಗುತ್ತಿಲ್ಲ?

ಹಿಜಡಾ ಮನೆಗಳ ಹಿರಿಯರಲ್ಲಿ ಆ ಮೆರವಣಿಗೆಗಳ ಬಗ್ಗೆ ಇಂದಿಗೂ ದೂರದ ಭಾವವಿದೆ. ಈ ಹಳೆಯ ಮನೆಗಳ ಆಚಾರವನ್ನು ಗಮನಿಸಿದ ಯಾರಿಗಾದರೂ ಆಶ್ಚರ್ಯವಾಗದಿರದು. ಹುಟ್ಟಿದ ಧರ್ಮ ಯಾವುದೇ ಇರಲಿ, ಅಲ್ಲಿ ಸಲಾಮ್ ಇದೆ, ಎಷ್ಟೋ ಕಡೆ ಸತ್ತವರಿಗೆ ದಫನ್ ಇದೆ. ಹಜ್ ಮಾಡಿ ಬಂದ ಗುರುಗಳಿದ್ದಾರೆ. ಅವರ ಪಂಚಾಯಿತಿಯ ಹೆಸರು ‘ಜಮಾಅತ್’. ಬೆಂಗಳೂರಿನಲ್ಲಿ ಅವರ ಮನೆಗಳಿಗೆ ‘ಹಮಾಮ್’ ಎನ್ನುತ್ತಾರೆ. ದಿಲ್ಲಿಯ ಮೆಹ್ರೋಲಿಯಲ್ಲಿ ಲೋದಿಗಳ ಕಾಲದ ‘ಹಿಜಡೋಂ ಕಾ ಖಾನ್ಕಾಹ್’ ಇದೆ. ಸುಣ್ಣ ಬಳಿದ ಗೋರಿಗಳ ಆ ಪ್ರಶಾಂತ ಆವರಣವನ್ನು ತುರ್ಕಮಾನ್ ಗೇಟಿನ ಹಿಜಡಾಗಳು ನೋಡಿಕೊಂಡು ಬಂದಿದ್ದಾರೆ. ನಮ್ಮ ಶಬ್ದಗಳನ್ನೇ ಇಟ್ಟುಕೊಂಡು ಅವರು ನಮ್ಮ ಹೊರಗೆ ಒಂದು ಜಮಾಅತ್ ಕಟ್ಟಿಕೊಂಡರು. ಕಟ್ಟಿಕೊಳ್ಳಬೇಕಾಯಿತು ಎನ್ನುವುದೇ ಸರಿ. ಆ ಮನೆಗಳಲ್ಲಿ ಭಿಕ್ಷೆಯೂ ಇದೆ, ದೇಹ ವ್ಯಾಪಾರವೂ ಇದೆ, ಚೇಲಾಗಳ ಶೋಷಣೆಯೂ ಇದೆ. ಅದನ್ನು ಮರೆಮಾಚಬೇಕಿಲ್ಲ. ಆದರೆ ಹದಿನೈದರ ಮಗುವನ್ನು ಅಲ್ಲಿಗೆ ತಲುಪಿಸಿದ ದಾರಿ ತಂದೆಯ ಹೊಸ್ತಿಲಿನಿಂದ ಶುರುವಾಗಿತ್ತಲ್ಲವೇ?

ನಮ್ಮಲ್ಲಿ ಕೆಲವರು ‘ಸಂಸ್ಥೆಗಳು ನಮ್ಮ ಮಕ್ಕಳನ್ನು ಕೆಡಿಸುತ್ತಿವೆ’ ಎನ್ನುತ್ತಾರೆ. ಸಂಸ್ಥೆಗೆ ಹೋಗುವ ಮುನ್ನ ಆ ಮಗು ಮನೆಯಲ್ಲಿತ್ತು. ಅಣ್ಣನ ಹೊಡೆತ, ಉಸ್ತಾದರ ಗೇಲಿ, ನೆಂಟರ ಪಿಸುಮಾತು, ಬಲವಂತದ ನಿಕಾಹ್ ಎಲ್ಲವನ್ನೂ ಉಂಡಿತ್ತು. ಅಂಥ ನಿಕಾಹ್‌ನಲ್ಲಿ ಏನೂ ಅರಿಯದ ಇನ್ನೊಂದು ಹೆಣ್ಣಿನ ಬಾಳೂ ಹಾಳಾಗುತ್ತದೆ ಎಂಬುದನ್ನು ಕುಟುಂಬದ ಮಾನದ ಕಾವಲುಗಾರರು ಯೋಚಿಸುವುದೇ ಇಲ್ಲ. ಅಬೂದಾವೂದರ ಸುನನ್‌ನಲ್ಲಿ ಒಂದು ವರದಿಯಿದೆ. ಕೈಕಾಲಿಗೆ ಮದರಂಗಿ ಹಚ್ಚಿದ್ದ ಒಬ್ಬ ಮುಖನ್ನಸ್‌ರನ್ನು ಪ್ರವಾದಿ(ಸ)ಯವರ ಬಳಿ ತಂದರು. ಅವರನ್ನು ಊರಿನಿಂದ ದೂರ ಕಳುಹಿಸಲಾಯಿತು. ಕೊಲ್ಲೋಣವೇ ಎಂದು ಜನರು ಕೇಳಿದಾಗ, ನಮಾಝ್ ಮಾಡುವವರನ್ನು ಕೊಲ್ಲುವುದರಿಂದ ತನ್ನನ್ನು ತಡೆಯಲಾಗಿದೆ ಎಂದು ಪ್ರವಾದಿ(ಸ) ಉತ್ತರಿಸಿದರು. ಈ ವರದಿಯ ಸನದಿನ ಬಗ್ಗೆ ಮುಹದ್ದಿಸರು ಚರ್ಚಿಸಿದ್ದಾರೆ. ಆದರೂ ಅದರ ಕೊನೆಯ ಭಾಗವನ್ನು ನಮ್ಮವರು ಉದ್ಧರಿಸುವುದು ತೀರಾ ಅಪರೂಪ.

ಬಾಂಗ್ಲಾದೇಶದ ಉಲಮಾಗಳು ಬೇರೆ ದಾರಿ ಹಿಡಿದರು. 2020ರ ನವೆಂಬರ್‌ನಲ್ಲಿ ಢಾಕಾದಲ್ಲಿ ಹಿಜಡಾಗಳಿಗಾಗಿ ಒಂದು ಮದ್ರಸ ಆರಂಭವಾಯಿತು. 2024ರಲ್ಲಿ ಮೈಮೆನ್‌ಸಿಂಗ್ ಬಳಿ ಸರಕಾರ ಕೊಟ್ಟ ನೆಲದಲ್ಲಿ ತಗಡಿನ ಮಾಡಿನ ಒಂದು ಮಸೀದಿಯನ್ನೇ ಅವರು ಕಟ್ಟಿದರು. ಬೇರೆ ಮಸೀದಿಗಳು ಒಳಗೆ ಬಿಡದ ಕಾರಣ ಕಟ್ಟಬೇಕಾಯಿತು ಎಂಬುದನ್ನು ಮರೆಯಬಾರದು. ನಮ್ಮ ಅಭಿಪ್ರಾಯದಲ್ಲಿ ಪ್ರತ್ಯೇಕ ಮಸೀದಿ ಪರಿಹಾರವಲ್ಲ, ಅದು ಸಮುದಾಯದ ಸೋಲಿನ ಗುರುತು. ಆದರೆ ಮದ್ರಸದ ವಿಷಯ ಬೇರೆ. ಓದು ತಪ್ಪಿಹೋದವರಿಗೆ ಓದಿಸುವುದರಲ್ಲಿ ಆಕ್ಷೇಪಿಸಲು ಏನಿದೆ?

ಇಲ್ಲಿ ಆಗಬೇಕಾದ ಕೆಲಸಗಳಿಗೆ ಹೊಸ ಇಜ್ತಿಹಾದ್ ಬೇಕಿಲ್ಲ. ನಮಾಝಿನ ಸಾಲಿನ ಪ್ರಶ್ನೆಯನ್ನು ಹನಫೀ ಫಿಕ್ಹ್ ಎಂದೋ ಬಗೆಹರಿಸಿದೆ. ಖುನ್ಸಾ ಗಂಡಸರ ಮತ್ತು ಹೆಂಗಸರ ಸಾಲುಗಳ ನಡುವೆ ನಿಲ್ಲಬೇಕು. ಅಂದರೆ ಮಸೀದಿಯೊಳಗೆ ನಿಲ್ಲಬೇಕು. ಮರಣಿಸಿದರೆ ಸ್ನಾನ ಮಾಡಿಸುವವರು ಯಾರೆಂಬ ಸಂದೇಹ ಬಂದಲ್ಲಿ ತಯಮ್ಮುಮ್ ಸಾಕು, ಕಫನ್ ಹೆಣ್ಣಿನಂತೆ ಐದು ಬಟ್ಟೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಪರಂಪರೆಯ ವಾರಸುದಾರರ ಊರಿನಲ್ಲಿ ಮಂಗಳಮುಖಿಯೊಬ್ಬರ ಮಯ್ಯಿತ್‌ಗೆ ಹೆಗಲು ಕೊಡಲು ನಾಲ್ಕು ಜನ ಸಿಗದಿರುವುದು ಎಂಥ ವಿಪರ್ಯಾಸ.

ಅದಕ್ಕಿಂತ ದೊಡ್ಡದು ಆಸ್ತಿಯ ಪ್ರಶ್ನೆ. ಮಗನನ್ನು ‘ಆಕ್’ ಮಾಡಿದ್ದೇವೆ, ನಮಗೂ ಅವನಿಗೂ ಸಂಬಂಧವಿಲ್ಲ ಎಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವ ರೂಢಿ ನಮ್ಮಲ್ಲಿದೆ. ಶರೀಅತ್‌ನಲ್ಲಿ ಇದಕ್ಕೆ ಕಾಸಿನ ಬೆಲೆಯಿಲ್ಲ. ವಾರಸುದಾರನ ಪಾಲನ್ನು ಅಲ್ಲಾಹನು ನಿಗದಿಪಡಿಸಿದ್ದಾನೆ, ತಂದೆಯ ಸಿಟ್ಟು ಅದನ್ನು ಅಳಿಸಲಾರದು. ನಡೆ ಹೆಣ್ಣಿಗನಂತಿದೆ, ಸೀರೆ ಉಡುತ್ತಾನೆ, ಹಮಾಮಿನಲ್ಲಿ ವಾಸಿಸುತ್ತಾನೆ ಎಂಬ ಯಾವ ಕಾರಣಕ್ಕೂ ಪಾಲು ತಪ್ಪುವುದಿಲ್ಲ. ಗಂಡಿನ ಪಾಲೋ ಹೆಣ್ಣಿನ ಪಾಲೋ ಎಂಬ ಸಂದೇಹವಿರುವ ಖುನ್ಸಾಗೆ ಇಮಾಮ್ ಅಬೂಹನೀಫಾ(ರ) ಎರಡರಲ್ಲಿ ಕಡಿಮೆಯದನ್ನು ಕೊಡಲು ಹೇಳಿದರು. ಏನೂ ಕೊಡಬೇಡಿ ಎಂದು ಹೇಳಲಿಲ್ಲ. ಇಷ್ಟಿದ್ದೂ ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಮನೆ ಹಂಚಿಕೊಳ್ಳುವಾಗ ಊರು ಬಿಟ್ಟ ಆ ಒಬ್ಬರ ಹೆಸರು ಕಾಗದದಲ್ಲಿ ಇರುವುದಿಲ್ಲ. ಜಮಾಅತಿನ ಹಿರಿಯರು ಅದೇ ಕಾಗದಕ್ಕೆ ಸಾಕ್ಷಿ ಸಹಿ ಹಾಕುತ್ತಾರೆ.

ಮುಂದೆ ಇಂಥ ಕಾಗದ ಸಹಿಗೆ ಬಂದಾಗ ಅಧ್ಯಕ್ಷರು ಮಕ್ಕಳೆಷ್ಟು ಮಂದಿ ಎಂದು ಕೇಳಲಿ, ಬಂದ ಉತ್ತರವನ್ನು ಜಮಾಅತಿನ ಹಳೆಯ ರಿಜಿಸ್ಟರಿನ ಜೊತೆ ಹೋಲಿಸಿ ನೋಡಲಿ. ಒಂದು ಹೆಸರು ಕಡಿಮೆ ಬಿದ್ದರೆ ಕಾಗದವನ್ನು ಸಹಿ ಹಾಕದೆ ಹಿಂದಿರುಗಿಸಲಿ. ಹಿದಾಯದ ಕೊನೆಯಲ್ಲಿ ಬರುವ ಖುನ್ಸಾದ ಪ್ರಕರಣವನ್ನು ಖತೀಬರು ರಮಝಾನಿಗೆ ಮುನ್ನ ಒಂದು ಶುಕ್ರವಾರ ಜನರಿಗೆ ಓದಿ ವಿವರಿಸಲಿ. ಹಲವು ಮಸೀದಿಗಳ ಕಪಾಟಿನಲ್ಲಿ ಆ ಗ್ರಂಥವಿದೆ.